ಮೀನು ನೀರು ಕುಡಿಯುವುದೆ?

ರಾಜಭಂಡಾರದ ಹಣವನ್ನು ನುಂಗುವ ಅಧಿಕಾರಿಗಳ ಕಳವನ್ನು ಪತ್ತೆಹಚ್ಚುವುದು ಎಷ್ಟು ದುಸ್ಸಾಧ್ಯವೆಂಬುದನ್ನು ವಿವರಿಸಹೊರಟ ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ದೃಷ್ಟಾಂತವಾಗಿ ಆರಿಸಿಕೊಂಡದ್ದು ನೀರಿನಲ್ಲಿರುವ ಮೀನನ್ನು. ಅದು ನೀರು ಕುಡಿಯುವುದು ಯಾರ ಕಣ್ಣಿಗೂ ಬೀಳದೆಂಬುದು ಅವನ ಆಶಯ. ಆ ರಾಜನೀತಿಜ್ಞನಿಗೆ ಮೀನು ಬರಿಯ ಉಪಮಾನವಾಗಿತ್ತು. ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ನೀರನ್ನೇ ದಿಟ್ಟಿಸುವ ಎಂಟು ವರ್ಷದ ಬಾಲಕಿಗಾದರೋ ಅದು ಉತ್ತರ ಬೇಕಾದ ಪ್ರಶ್ನೆ: ಮೀನು ನೀರು ಕುಡಿಯುವುದೆ? ಅದು ನಿದ್ದೆ ಮಾಡುವುದೆ? ನೀರಿನೊಳಗೆ ಉಸಿರಾಡುವುದು ಹೇಗೆ? ಕಡಲಿನ ತಳದ ಕತ್ತಲೆಯಲ್ಲಿ ಅದಕ್ಕೆ ಕಣ್ಣು ಕಾಣುವುದೆ? ಇಂತಹ ಪ್ರಶ್ನೆಗಳಿಗೆ ಪ್ರತಿಯಾಗಿ ನಾವು ಹಿರಿಯರು ಸಾಮಾನ್ಯವಾಗಿ ಮಕ್ಕಳ ಮುಂದಿರಿಸುವುದು ಅಚ್ಚರಿಗಳದೊಂದು ಪಟ್ಟಿಯನ್ನು: ಆಕ್ಟೋಪಸ್ ಎಂಬ ಅಷ್ಟಪದಿಗೆ ಮೂರು ಹೃದಯಗಳು, ಕಡಲಕುದುರೆಯಲ್ಲಿ ಗಂಡೇ ಬಸಿರಾಗುವುದು, ನೀಲಿ ತಿಮಿಂಗಿಲ ಇಪ್ಪತ್ತೈದು ಆನೆಗಳ ತೂಕ. ಪಟ್ಟಿಯಲ್ಲಿ ಸುಳ್ಳಿಲ್ಲ, ಆದರೆ ಏಕೆಂಬ ಮಾತಿಗೆ ಅದರಲ್ಲಿ ಎಡೆಯೂ ಇಲ್ಲ. ಜಲಚರಗಳ ವೈಚಿತ್ರ್ಯವೆಂದು ನಾವು ಕರೆಯುವುದರಲ್ಲಿ ಬಹುಭಾಗವು ನೀರಿನ ವೈಚಿತ್ರ್ಯವೇ ಆಗಿದೆ. ನೀರಿನ ಭಾರವೆಷ್ಟು, ಅದರಲ್ಲಿ ಬೆರೆತ ವಾಯುವೆಷ್ಟು, ಅದರೊಳಗೆ ಬೆಳಕು ಎಲ್ಲಿಯವರೆಗೆ ಇಳಿಯುವುದು, ಶಬ್ದ ಎಷ್ಟು ವೇಗವಾಗಿ ಓಡುವುದು ಎಂಬಿಷ್ಟನ್ನು ತಿಳಿದುಕೊಂಡರೆ, ಅಲ್ಲಿ ಬಾಳುವ ಜೀವಿಗಳ ಅಂಗಾಂಗಗಳೂ ನಡೆನುಡಿಗಳೂ ತಾವಾಗಿ ಅರ್ಥವಾಗತೊಡಗುವುವು.

ಮೊದಲು ಆ ಬಾಲಕಿಯ ಮೊದಲ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಕಡಲಿನ ಮೀನು ನೀರು ಕುಡಿಯುವುದು. ಕೆರೆಹೊಳೆಗಳ ಮೀನು ಕುಡಿಯುವುದಿಲ್ಲವೆಂದೇ ಹೇಳಬಹುದು. ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುವುವು. ಮೀನಿನ ರಕ್ತದಲ್ಲಿರುವುದು ಹೆಚ್ಚುಕಡಮೆ ಅದರ ಮೂರರಲ್ಲೊಂದು ಪಾಲು. ತೆಳುವಾದ ಪೊರೆಯೊಂದರ ಎರಡು ಪಕ್ಕಗಳಲ್ಲಿ ಲವಣದ ಪ್ರಮಾಣವು ಭಿನ್ನವಾಗಿದ್ದರೆ ನೀರು ಕಡಮೆ ಉಪ್ಪಿನ ಕಡೆಯಿಂದ ಹೆಚ್ಚು ಉಪ್ಪಿನ ಕಡೆಗೆ ಸರಿಯುವುದು ಪ್ರಕೃತಿನಿಯಮ. ಉಪ್ಪಿನಕಾಯಿಗೆಂದು ಉಪ್ಪು ಬೆರೆಸಿಟ್ಟ ಮಾವಿನ ಹೋಳುಗಳು ಮರುದಿನದೊಳಗೆ ನೀರು ಬಿಟ್ಟಿರುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಈ ನಿಯಮದಂತೆ ಬೂತಾಯಿ ಬಂಗುಡೆಗಳ ಮೈಯೊಳಗಿನ ನೀರು, ವಿಶೇಷವಾಗಿ ಕಿವಿರುಗಳ ತೆಳುಪೊರೆಯ ಮೂಲಕ, ಹಗಲಿರುಳೂ ಕಡಲಿಗೆ ಸೋರಿಹೋಗುತ್ತಿರುವುದು. ಸುತ್ತಲೂ ನೀರೇ ಇದ್ದರೂ ಮೀನು ಬಾಯಾರಿಕೆಯಿಂದ ಒಣಗುವ ಅಪಾಯದಲ್ಲಿಯೇ ಬಾಳುವುದು. ಆದಕಾರಣ ಅದು ಕಡಲ ನೀರನ್ನು ಬಾಯ್ತುಂಬ ಕುಡಿದು, ಅದರೊಡನೆ ಒಳಹೊಕ್ಕ ಹೆಚ್ಚಿನ ಉಪ್ಪನ್ನು ಕಿವಿರುಗಳಲ್ಲಿರುವ ವಿಶೇಷ ಜೀವಕೋಶಗಳಿಂದ ಹೊರಕ್ಕೆ ದೂಡುವುದು. ಸಿಹಿನೀರಿನ ಮೀನಿನ ಸಂಕಟ ಇದಕ್ಕೆ ತೀರ ವಿಪರೀತ. ಅದರ ರಕ್ತವೇ ಸುತ್ತಲಿನ ನೀರಿಗಿಂತ ಉಪ್ಪಾಗಿರುವುದರಿಂದ ನೀರು ತಾನಾಗಿ ಒಳಕ್ಕೆ ನುಗ್ಗುವುದು. ಕುಡಿಯುವ ಮಾತು ಹಾಗಿರಲಿ, ಬಂದ ನೀರನ್ನು ಮೂತ್ರಪಿಂಡಗಳ ಮೂಲಕ ಎಡೆಬಿಡದೆ ಹೊರಹಾಕುವುದೇ ಅದಕ್ಕೊಂದು ಕೆಲಸ. ಕಡಲ ಮೀನು ನೀರು ಕುಡಿಯುವುದನ್ನೂ ಉಪ್ಪನ್ನು ಕಿವಿರಿನಿಂದ ಕಳೆದುಕೊಳ್ಳುವುದನ್ನೂ ಅಮೆರಿಕದ ಶರೀರಶಾಸ್ತ್ರಜ್ಞ ಹೋಮರ್ ಸ್ಮಿತ್ 1930ರಲ್ಲಿ ಪ್ರಯೋಗಗಳಿಂದ ಸಿದ್ಧಪಡಿಸಿ ತೋರಿಸಿದನು.

ಇದೇ ಉಪ್ಪಿನ ಸಮಸ್ಯೆಗೆ ಬೇರೆ ಬೇರೆ ಜೀವಿಗಳು ಕಂಡುಕೊಂಡ ಪರಿಹಾರಗಳು ಬೇರೆ ಬೇರೆ. ಮೊಟ್ಟೆಯಿಡಲು ಮರಳಿಗೆ ಬಂದ ಕಡಲಾಮೆಯ ಕಣ್ಣಿನಿಂದ ನೀರು ಸುರಿಯುವುದನ್ನು ಕಂಡವರು ಅದು ಹೆರಿಗೆಯ ನೋವಿಗೆ ಅಳುತ್ತಿದೆಯೆಂದು ಮರುಗುವುದುಂಟು; ಕಣ್ಣಿನ ಬಳಿಯ ಗ್ರಂಥಿಗಳು ದೇಹದ ಹೆಚ್ಚುವರಿ ಉಪ್ಪನ್ನು ಹೊರಚೆಲ್ಲುವ ಕ್ರಮವದು, ಆಮೆ ಕಡಲಿನಲ್ಲಿರುವಾಗಲೂ ಹಾಗೆಯೇ ಅಳುತ್ತಿರುವುದು. ಷಾರ್ಕ್ ಮೀನು ಈ ಶ್ರಮಕ್ಕೇ ಹೋಗದೆ ತನ್ನ ರಕ್ತದಲ್ಲಿ ಯೂರಿಯವನ್ನು ಕೂಡಿಟ್ಟುಕೊಂಡು ಒಳಗಿನ ಸಾಂದ್ರತೆಯನ್ನು ಕಡಲಿನ ಸಾಂದ್ರತೆಗೆ ಸರಿದೂಗಿಸಿಕೊಳ್ಳುವುದು. ಹಳಸಿದ ಷಾರ್ಕ್ ಮಾಂಸದಿಂದ ಅಮೋನಿಯದ ಘಾಟು ಹೊಮ್ಮುವುದಕ್ಕೆ ಆ ಯೂರಿಯವೇ ಕಾರಣ.

ಇನ್ನು ಉಸಿರಿನ ವಿಚಾರ. ಒಂದು ಲೀಟರು ಗಾಳಿಯಲ್ಲಿ 210 ಮಿಲಿಲೀಟರಿನಷ್ಟು ಆಮ್ಲಜನಕವಿದ್ದರೆ, ನಮ್ಮ ನಾಡಿನ ಕೆರೆಯೊಂದರ ಬೆಚ್ಚನೆಯ ನೀರಿನಲ್ಲಿ ಲೀಟರಿಗೆ 6 ಮಿಲಿಲೀಟರಿನಷ್ಟಿದ್ದರೆ ಹೆಚ್ಚು. ಗಾಳಿಗಿಂತ ಎಂಟುನೂರು ಪಾಲು ಭಾರವಾದ ನೀರನ್ನು ಬಾಯಿಂದ ಎಳೆದು ಕಿವಿರುಗಳ ಮೇಲೆ ಹರಿಸಿ ಆ ಸ್ವಲ್ಪವನ್ನು ಸೋಸಿಕೊಳ್ಳಬೇಕಾದ ಮೀನು ಎಂತಹ ಕಡುಬಡತನದಲ್ಲಿ ಸಂಸಾರ ಹೂಡಿರುವುದೆಂಬುದು ಇದರಿಂದ ತಿಳಿಯುವುದು. ಬಡತನಕ್ಕೆ ತಕ್ಕ ಮಿತವ್ಯಯವೂ ಅದಕ್ಕುಂಟು. ಕಿವಿರಿನ ಎಳೆಗಳಲ್ಲಿ ರಕ್ತವು ಹರಿಯುವ ದಿಕ್ಕೂ ಮೇಲೆ ನೀರು ಹರಿಯುವ ದಿಕ್ಕೂ ಒಂದಕ್ಕೊಂದು ಎದುರು. ಆಮ್ಲಜನಕವನ್ನು ಬಹುಮಟ್ಟಿಗೆ ಕಳೆದುಕೊಂಡ ನೀರು ಇನ್ನೂ ಬಡವಾದ ರಕ್ತವನ್ನು ಎದುರುಗೊಳ್ಳುವುದರಿಂದ ಕೊಡುಕೊಳ್ಳುವಿಕೆ ಕೊನೆಯವರೆಗೂ ನಿಲ್ಲದು. ಈ ಏರ್ಪಾಟಿನಿಂದ ಮೀನು ನೀರಿನಲ್ಲಿರುವ ಆಮ್ಲಜನಕದ ಮುಕ್ಕಾಲು ಪಾಲಿಗೂ ಮೇಲ್ಪಟ್ಟು ಹೀರಿಕೊಳ್ಳಬಲ್ಲುದು. ನಮ್ಮ ಶ್ವಾಸಕೋಶಗಳಾದರೋ ಒಳಗೆಳೆದ ಆಮ್ಲಜನಕದ ಬಹುಪಾಲನ್ನು ಹಾಗೆಯೇ ಹೊರಬಿಟ್ಟುಬಿಡುವುವು. ಹಾಗಾದರೆ ಆಮ್ಲಜನಕ ತುಂಬಿ ತುಳುಕುವ ಗಾಳಿಗೆ ಬಂದೊಡನೆ ಮೀನು ಸಾಯುವುದೇಕೆ? ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದ ಕಿವಿರಿನ ಎಳೆಗಳು ಹೊರಗೆ ಒಂದರ ಮೇಲೊಂದು ಬಿದ್ದು ಅಂಟಿಕೊಂಡು ಒಣಗುವುದರಿಂದ; ಸಂಪತ್ತು ಎದುರಿಗಿದ್ದರೂ ಅದನ್ನು ತೆಗೆದುಕೊಳ್ಳುವ ಕೈ ಮುದುಡಿಹೋಗುವುದರಿಂದ.

ನಮ್ಮ ಕೆರೆಗಳ ಕೊರವ ಮೀನು ಈ ಕಟ್ಟಿನಿಂದ ಬಿಡಿಸಿಕೊಂಡಿದೆ. ಬೇಸಗೆಯಲ್ಲಿ ಬತ್ತಿ ಕೆಸರಾದ ನೀರಿನಲ್ಲಿ ಆಮ್ಲಜನಕ ತೀರ ಕುಗ್ಗಿದಾಗ ಅದು ಮೇಲಕ್ಕೆ ಬಂದು ಗಾಳಿಯನ್ನು ನುಂಗಿ, ತಲೆಯೊಳಗಿನ ವಿಶೇಷವಾದ ಕೋಣೆಯಲ್ಲಿಟ್ಟುಕೊಂಡು ಉಸಿರಾಡುವುದು. ಮೇಲಕ್ಕೆ ಬಾರದಂತೆ ತಡೆದರೆ ನೀರಿನಲ್ಲಿಯೇ ಉಸಿರುಕಟ್ಟಿ ಸಾಯುವುದು. ಮೀನೊಂದು ನೀರಿನಲ್ಲಿ ಮುಳುಗಿ ಸತ್ತಿತೆಂಬುದು ನಗೆಯ ಮಾತಿನಂತಿದ್ದರೂ ಕೊರವನ ವಿಷಯದಲ್ಲಿ ಅದು ನಿಜ. ಇದಕ್ಕೆ ಎದುರಾದ ಇನ್ನೊಂದು ಕೊನೆಯನ್ನು ನೋಡಬೇಕಾದರೆ ದಕ್ಷಿಣ ಧ್ರುವದ ಸುತ್ತಲಿನ ಕಡಲಿಗೆ ಹೋಗಬೇಕು. ನೀರು ತಣ್ಣಗಾದಷ್ಟೂ ಅದರಲ್ಲಿ ಆಮ್ಲಜನಕ ಹೆಚ್ಚು ಕರಗುವುದು; ಸೊನ್ನೆ ಡಿಗ್ರಿಗೂ ಕೆಳಗಿಳಿದ ಆ ಕಡಲಿನಲ್ಲಿ ಅದೆಷ್ಟು ಸಮೃದ್ಧವಾಗಿದೆಯೆಂದರೆ, ಅಲ್ಲಿಯ ಹಿಮಮೀನುಗಳೆಂಬ ಕುಲವು ರಕ್ತಕ್ಕೆ ಕೆಂಪು ಕೊಡುವ ಹೀಮೋಗ್ಲೋಬಿನ್ನನ್ನೇ ತೊರೆದುಬಿಟ್ಟಿದೆ. ಬೆನ್ನೆಲುಬುಳ್ಳ ಪ್ರಾಣಿಯೊಂದರ ರಕ್ತವು ನೀರಿನಂತೆ ಬಣ್ಣವಿಲ್ಲದ್ದಾಗಿರಬಹುದೆಂಬುದನ್ನು ನಾರ್ವೆಯ ವಿಜ್ಞಾನಿ ಯೋಹಾನ್ ರೂದ್ 1954ರಲ್ಲಿ ಪ್ರಕಟಿಸುವ ತನಕ, ತಿಮಿಂಗಿಲದ ಬೇಟೆಗಾರರು ಹೇಳುತ್ತಿದ್ದ ಆ ಮಾತನ್ನು ನಂಬುವವರು ವಿರಳವಾಗಿದ್ದರು.

ನೀರಿನ ಭಾರವು ಉಸಿರಾಟಕ್ಕೆ ತೊಡಕಾದರೂ ಮೈಬೆಳೆಸಿಗೆ ಅದು ದೊಡ್ಡ ಆಸರೆ. ನೆಲದ ಮೇಲೆ ಪ್ರತಿಯೊಂದು ಪ್ರಾಣಿಯೂ ತನ್ನ ತೂಕವನ್ನು ತನ್ನ ಕಾಲೆಲುಬುಗಳ ಮೇಲೆಯೇ ಹೊರಬೇಕು. ಆನೆಗಿಂತ ಬಹಳ ದೊಡ್ಡದಾಗುವುದು ಅಲ್ಲಿ ಸುಲಭವಲ್ಲ. ನೀರಿನಲ್ಲಾದರೋ ಮೈಭಾರವನ್ನು ನೀರೇ ಎತ್ತಿಹಿಡಿಯುವುದರಿಂದ ನೀಲಿ ತಿಮಿಂಗಿಲವು 30 ಮೀಟರಿನಷ್ಟು ಉದ್ದಕ್ಕೂ 150 ಟನ್ನುಗಳಿಗೂ ಮಿಕ್ಕ ತೂಕಕ್ಕೂ ಬೆಳೆಯಲು ಸಾಧ್ಯವಾಗಿದೆ. ಅದರ ಆಹಾರವೋ ಬೆರಳುದ್ದದ ಕ್ರಿಲ್ ಎಂಬ ಸಿಗಡಿಯಂತಹ ಜೀವಿ. ಹುಟ್ಟುವ ಕರುವೇ ಸುಮಾರು 7 ಮೀಟರು ಉದ್ದ. ಆಳಕ್ಕೆ ಮುಳುಗಿದಾಗ ಅದರ ಹೃದಯವು ಮಿನಿಟಿಗೆ ಎರಡೇ ಸಲ ಮಿಡಿಯುವಷ್ಟು ನಿಧಾನವಾಗುವುದೆಂಬುದನ್ನು, ಮೈಗೆ ಅಂಟಿಸಿದ ಉಪಕರಣದ ನೆರವಿನಿಂದ 2019ರಲ್ಲಿ ಕಂಡುಕೊಂಡರು. ಅದೇ ತಿಮಿಂಗಿಲವು ದಡಕ್ಕೆ ಬಿದ್ದರೆ, ಸುತ್ತಲೂ ಗಾಳಿಯಿದ್ದು ಉಸಿರಾಡಲು ಶ್ವಾಸಕೋಶಗಳಿದ್ದರೂ, ತನ್ನದೇ ಭಾರಕ್ಕೆ ತಾನೇ ಕುಸಿದು, ಮೈಬಿಸಿ ಹೊರಹೋಗಲಾರದೆ ಸಾಯುವುದು.

ಶ್ವಾಸಕೋಶವೆಂದೆನಷ್ಟೆ; ತಿಮಿಂಗಿಲಗಳೂ ಡಾಲ್ಫಿನ್ನುಗಳೂ ಮೀನುಗಳಲ್ಲ, ಕರುವಿಗೆ ಹಾಲೂಡಿಸುವ ಸಸ್ತನಿಗಳು, ನೆಲದಿಂದ ನೀರಿಗೆ ಮರಳಿದವು. ಮರಳಿದ ಸ್ಥಳವೂ ನಮಗೆ ದೂರದ್ದಲ್ಲ. ಸುಮಾರು 5 ಕೋಟಿ ವರ್ಷಗಳ ಹಿಂದೆ, ಹಿಮಾಲಯವಿನ್ನೂ ಎದ್ದು ನಿಲ್ಲದಿದ್ದ ಕಾಲದಲ್ಲಿ, ಭರತಖಂಡದ ಉತ್ತರಕ್ಕೆ ಹಬ್ಬಿದ್ದ ಟೆಥಿಸ್ ಸಮುದ್ರದ ಅಂಚಿನಲ್ಲಿ ಅವುಗಳ ಪೂರ್ವಜರು ನಾಲ್ಕು ಕಾಲುಗಳ ಮೇಲೆ ಓಡಾಡುತ್ತಿದ್ದುವು. ಭೂವಿಜ್ಞಾನಿ ಎ. ರಂಗರಾವ್ ಅವರು ಜಮ್ಮುವಿನ ಕಾಲಾಕೋಟ್ ಪ್ರದೇಶದಲ್ಲಿ ಸಂಗ್ರಹಿಸಿಟ್ಟಿದ್ದ ಕಲ್ಲುಗಳೊಳಗೆ ಅಡಗಿದ್ದ ಬೆಕ್ಕಿನ ಗಾತ್ರದ, ಗೊರಸುಳ್ಳ ಪ್ರಾಣಿಯೊಂದು ತಿಮಿಂಗಿಲಗಳ ಹತ್ತಿರದ ದಾಯಾದಿಯೆಂಬುದು 2007ರಲ್ಲಿ ಲೋಕಕ್ಕೆ ತಿಳಿಯಿತು. ಅದರ ಹೆಸರು ಇಂಡೋಹ್ಯೂಸ್. ನೆಲದ ಬಾಳಿನ ಗುರುತುಗಳನ್ನು ತಿಮಿಂಗಿಲವು ಇಂದಿಗೂ ಹೊತ್ತಿದೆ: ಮೀನು ಬಾಲವನ್ನು ಎಡಬಲಕ್ಕೆ ಬೀಸಿದರೆ, ತಿಮಿಂಗಿಲವು, ಓಡುವ ಚತುಷ್ಪಾದಿಯ ಬೆನ್ನು ಬಾಗಿ ಏಳುವಂತೆ, ಮೇಲಕ್ಕೂ ಕೆಳಕ್ಕೂ ಬೀಸುವುದು. ಉಸಿರಿಗಾಗಿ ಮೇಲಕ್ಕೆ ಬರಲೇಬೇಕಾದ ಜೀವಿಯು ಮೈಮರೆತು ನಿದ್ರಿಸುವಂತೆಯೂ ಇಲ್ಲ. ಆದುದರಿಂದ ಡಾಲ್ಫಿನ್ ತನ್ನ ಮೆದುಳಿನ ಅರ್ಧವನ್ನು ಮಾತ್ರ ಮಲಗಿಸಿ, ಇನ್ನರ್ಧವನ್ನು ಕಾವಲಿಗಿರಿಸಿ, ಸರದಿಯಂತೆ ವಿಶ್ರಮಿಸುವುದು. ಮೀನಿಗೆ ಆ ಚಿಂತೆಯಿಲ್ಲ. ಮುಚ್ಚಲು ರೆಪ್ಪೆಗಳಿಲ್ಲದಿದ್ದರೂ ಅದು ನಿಶ್ಚಲವಾಗಿ ನಿಂತು ನಿದ್ರಿಸುವುದು. ಹವಳದ ದಿಬ್ಬಗಳಲ್ಲಿ ವಾಸಿಸುವ ಗಿಳಿಮೀನುಗಳಲ್ಲಿ ಕೆಲವು ರಾತ್ರಿಯಾಗುತ್ತಲೇ ಬಾಯಿಂದ ಲೋಳೆಯನ್ನು ಸ್ರವಿಸಿ, ಮೈಸುತ್ತ ಪಾರದರ್ಶಕವಾದ ಸೊಳ್ಳೆಪರದೆಯನ್ನೇ ಕಟ್ಟಿಕೊಂಡು ಮಲಗುವುವು.

ನೀರಿನಲ್ಲಿ ಪ್ರತಿ 10 ಮೀಟರು ಆಳಕ್ಕೂ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತ ಹೋಗುವುದು. ಪೆಸಿಫಿಕ್ ಸಾಗರದ ಚಾಲೆಂಜರ್ ಕಂದರದ ತಳ ಸುಮಾರು 10,900 ಮೀಟರುಗಳ ಆಳದಲ್ಲಿದೆ. ಅಲ್ಲಿ ಒತ್ತಡವು ಮೇಲಿನದರ ಸಾವಿರ ಪಾಲಿಗೂ ಮಿಗಿಲು. 1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಷ್ ಎಂಬಿಬ್ಬರು ದಪ್ಪ ಉಕ್ಕಿನ ಗೋಳದಲ್ಲಿ ಕುಳಿತು ಅಲ್ಲಿಗೆ ಇಳಿದುಬಂದರು. ಮನುಷ್ಯನಿಗೆ ಉಕ್ಕಿನ ಗೋಡೆ ಬೇಕಾದಲ್ಲಿ ಮೆತ್ತನೆಯ ಮೀನು ಅಪ್ಪಚ್ಚಿಯಾಗದಿರುವುದು ಹೇಗೆ? ಅದರ ಮೈಯೊಳಗೂ ಹೊರಗೂ ಒತ್ತಡ ಒಂದೇ ಆಗಿದ್ದು, ಕುಗ್ಗಿಹೋಗಲು ಒಳಗೆ ಗಾಳಿಯ ಪೊಳ್ಳು ಇಲ್ಲದಿರುವುದರಿಂದ. ಆದರೂ ಅಷ್ಟು ಒತ್ತಡದಲ್ಲಿ ಜೀವಕೋಶಗಳ ಪ್ರೋಟೀನುಗಳು ಆಕಾರಗೆಡುವ ಭಯವುಂಟು. ಅದನ್ನು ತಡೆಯಲು ಆಳದ ಮೀನುಗಳು ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಸ್ತುವನ್ನು ಮೈಯಲ್ಲಿ ಕೂಡಿಸಿಕೊಳ್ಳುವುವು. ಆಳ ಹೆಚ್ಚಿದಂತೆ ಅದರ ಪ್ರಮಾಣವೂ ಹೆಚ್ಚು. ಹೀಗೆ ಕೂಡಿಸುತ್ತ ಹೋದರೆ ಸುಮಾರು 8,200 ಮೀಟರುಗಳ ಬಳಿ ಮೀನಿನ ಮೈಯ ಸಾಂದ್ರತೆಯು ಕಡಲಿನ ಸಾಂದ್ರತೆಗೆ ಸಮನಾಗುವುದೆಂದೂ, ಅದಕ್ಕಿಂತ ಹೆಚ್ಚು ಕೆಳಗೆ ಮೀನು ಬಾಳಲಾರದೆಂದೂ ವಿಜ್ಞಾನಿಗಳು 2014ರಲ್ಲಿ ಲೆಕ್ಕಹಾಕಿ ಹೇಳಿದ್ದರು. 2022ರಲ್ಲಿ ಜಪಾನಿನ ಬಳಿಯ ಕಂದರವೊಂದರಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ, ಈವರೆಗಿನ ಅತ್ಯಂತ ಆಳದ ಮೀನಾದ ಸ್ನೇಲ್‌ಫಿಷ್ ಇದ್ದದ್ದು 8,336 ಮೀಟರುಗಳಲ್ಲಿ. ಆ ಟ್ರೈಮೀಥೈಲಮೀನ್ ಆಕ್ಸೈಡೇ ಸತ್ತ ಕಡಲಮೀನಿನಲ್ಲಿ ಸೂಕ್ಷ್ಮಜೀವಿಗಳಿಂದ ಒಡೆದು ಮೀನುಪೇಟೆಯ ಆ ಸುಪರಿಚಿತ ವಾಸನೆಯಾಗುವುದು.

ಬೆಳಕಿನ ವಿಷಯದಲ್ಲಿಯೂ ನೀರು ಜಿಪುಣ. ಸೂರ್ಯಪ್ರಕಾಶದ ಬಣ್ಣಗಳಲ್ಲಿ ಕೆಂಪು ಮೊದಲ ಕೆಲವು ಮೀಟರುಗಳಲ್ಲಿಯೇ ಅಡಗುವುದು, ನೀಲಿ ಬಹಳ ಕೆಳಗಿನವರೆಗೆ ಇಳಿಯುವುದು. 200 ಮೀಟರು ದಾಟಿದ ಮೇಲೆ ಮಬ್ಬು, 1,000 ಮೀಟರಿನ ಕೆಳಗೆ ಸದಾ ಇರುಳು. ಮೇಲ್ನೀರಿನ ಬಂಗುಡೆಯ ಬೆನ್ನು ಹಸಿರು ನೀಲಿ, ಹೊಟ್ಟೆ ಬೆಳ್ಳಿಯಂತೆ ಬಿಳಿ. ಮೇಲಿನಿಂದ ನೋಡುವ ಹಕ್ಕಿಗೆ ಬೆನ್ನು ಕಡಲಿನೊಡನೆಯೂ, ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಹೊಟ್ಟೆ ಆಕಾಶದ ಬೆಳಕಿನೊಡನೆಯೂ ಬೆರೆತುಹೋಗುವುದು. ಆಳದ ಸಿಗಡಿಗಳಲ್ಲಿ ಅನೇಕವು ಕಡುಗೆಂಪು. ಕೆಂಪು ಬೆಳಕೇ ತಲಪದ ಕಡೆ ಕೆಂಪು ಮೈಯೆಂದರೆ ಕಪ್ಪು ಮೈಯೆಂದೇ ಅರ್ಥ. ಅದಕ್ಕೂ ಕೆಳಗೆ ಬಾಳುವ ಆಂಗ್ಲರ್ ಎಂಬ ಗಾಳದ ಮೀನಿನ ಹೆಣ್ಣು, ಹೊಳೆಯುವ ಸೂಕ್ಷ್ಮಜೀವಿಗಳನ್ನು ಸಾಕಿಕೊಂಡಿರುವ ಕಡ್ಡಿಯೊಂದನ್ನು ಹಣೆಯ ಮುಂದೆ ಚಾಚಿ, ಆ ದೀಪಕ್ಕೆ ಮರುಳಾಗಿ ಬಂದ ಮೀನುಗಳನ್ನು ಹಿಡಿದು ತಿನ್ನುವುದು. ಇಂತಹ ಹೆಣ್ಣೊಂದರ ಮೈಗೆ ಅಂಟಿಕೊಂಡಿದ್ದ ಪುಟ್ಟ ಮೀನುಗಳನ್ನು 1922ರಲ್ಲಿ ಮೊದಲು ವರ್ಣಿಸಿದವರು ಅವು ಮರಿಗಳಿರಬೇಕೆಂದು ಬಗೆದಿದ್ದರು. 1925ರಲ್ಲಿ ಇಂಗ್ಲೆಂಡಿನ ಟೇಟ್ ರೀಗನ್ ಅಂಥದೊಂದನ್ನು ಸೀಳಿ ಪರೀಕ್ಷಿಸಿ ಅದು ಗಂಡೆಂದು ತೋರಿಸಿದನು. ಅಗಾಧವಾದ ಕತ್ತಲೆಯಲ್ಲಿ ಸಂಗಾತಿಯನ್ನು ಎರಡನೆಯ ಸಲ ಹುಡುಕುವುದು ದುರ್ಲಭವಾದುದರಿಂದ, ಒಮ್ಮೆ ಸಿಕ್ಕಿದ ಹೆಣ್ಣನ್ನು ಗಂಡು ಕಚ್ಚಿ ಹಿಡಿದು, ಚರ್ಮವೂ ರಕ್ತನಾಳಗಳೂ ಕೂಡಿಕೊಂಡು, ಅವಳ ರಕ್ತದಿಂದಲೇ ಬದುಕುವುದು.

ಬಣ್ಣದ ಮಾತು ಬಂದಲ್ಲಿ ಅಷ್ಟಪದಿಯನ್ನು ಬಿಡಲಾಗದು. ಚರ್ಮದಲ್ಲಿರುವ ಸಹಸ್ರಾರು ಬಣ್ಣದ ಚೀಲಗಳನ್ನು ಸ್ನಾಯುಗಳಿಂದ ಹಿಗ್ಗಿಸಿ ಕುಗ್ಗಿಸಿ ಕ್ಷಣಾರ್ಧದಲ್ಲಿ ಬಂಡೆಯಂತೆಯೋ ಪಾಚಿಯಂತೆಯೋ ಕಾಣಬಲ್ಲ ಈ ಪ್ರಾಣಿಯ ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿರುವುದು ಒಂದೇ ಬಗೆಯವು. ನಮ್ಮ ಅರ್ಥದಲ್ಲಿ ಅದು ಬಣ್ಣಗುರುಡು. ಅದರ ಮೂರು ಹೃದಯಗಳಿಗೂ ಕಾರಣವುಂಟು. ಅದರ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಕಬ್ಬಿಣವಿರುವ ಹೀಮೋಗ್ಲೋಬಿನ್ ಅಲ್ಲ, ತಾಮ್ರವಿರುವ ಹೀಮೋಸಯನಿನ್; ಆದುದರಿಂದಲೇ ರಕ್ತ ನೀಲಿ. ಅಷ್ಟು ಸಮರ್ಥವಲ್ಲದ ಆ ರಕ್ತವನ್ನು ರಭಸದಿಂದ ಹರಿಸಬೇಕಾದ್ದರಿಂದ ಕಿವಿರಿಗೊಂದರಂತೆ ಎರಡು ಹೃದಯಗಳು, ಉಳಿದ ಮೈಗೆಲ್ಲ ಮತ್ತೊಂದು. ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರರಲ್ಲೆರಡು ಪಾಲು ತೋಳುಗಳಲ್ಲಿಯೇ ಹರಡಿಕೊಂಡಿರುವುದರಿಂದ, ಬಿಲದೊಳಗೆ ತಡಕುವ ತೋಳು ಅರ್ಧ ತನ್ನಷ್ಟಕ್ಕೆ ತಾನೇ ಯೋಚಿಸಿ ನಡೆಯುವುದೆನ್ನಬಹುದು.

ಬೆಳಕು ಸೋತಲ್ಲಿ ಶಬ್ದವು ಗೆಲ್ಲುವುದು. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರು ಓಡುವ ಶಬ್ದವು ನೀರಿನಲ್ಲಿ ಸುಮಾರು 1,500 ಮೀಟರು ಓಡುವುದು. ಬಹು ದೂರಕ್ಕೂ ಹೋಗುವುದು. ಕಡಲು ಮೌನಲೋಕವೆಂಬ ನಂಬಿಕೆಯು ಎರಡನೆಯ ಮಹಾಯುದ್ಧದಲ್ಲಿ ಮುರಿದುಬಿತ್ತು. ಶತ್ರುಗಳ ಜಲಾಂತರ್ಗಾಮಿಗಳ ಸದ್ದನ್ನಾಲಿಸಲು ನೀರಿನಲ್ಲಿಳಿಸಿದ್ದ ಯಂತ್ರಗಳಿಗೆ ಎಡೆಬಿಡದ ಚಟಪಟ ಶಬ್ದವು ಅಡ್ಡವಾಗಿ, ಹುಡುಕಿ ನೋಡಿದರೆ ಅದು ಬೆರಳುದ್ದದ ಸಿಗಡಿಯದಾಗಿತ್ತು. ಈ ಸಿಗಡಿಯು ತನ್ನ ದೊಡ್ಡ ಕೊಂಡಿಯನ್ನು ಎಷ್ಟು ಬಿರುಸಾಗಿ ಮುಚ್ಚುವುದೆಂದರೆ, ಚಿಮ್ಮಿದ ನೀರಿನಲ್ಲಿ ಗುಳ್ಳೆಯೊಂದು ಉಂಟಾಗಿ ಮರುಕ್ಷಣವೇ ಕುಸಿಯುವುದು. ಸದ್ದಾಗುವುದು ಕೊಂಡಿಗಳ ತಾಡನದಿಂದಲ್ಲ, ಆ ಗುಳ್ಳೆಯ ಕುಸಿತದಿಂದ ಎಂಬುದು 2000ದಲ್ಲಿ ಖಚಿತವಾಯಿತು. ಗೂನುಬೆನ್ನಿನ ತಿಮಿಂಗಿಲಗಳು ಒಂದೇ ಕ್ರಮದಲ್ಲಿ ಆವರ್ತಿಸುವ ದೀರ್ಘವಾದ ಹಾಡುಗಳನ್ನು ಹಾಡುವುವೆಂಬುದನ್ನು ರೋಜರ್ ಪೇನ್ ಮತ್ತು ಸ್ಕಾಟ್ ಮ್ಯಾಕ್‌ವೇ 1971ರಲ್ಲಿ ಪ್ರಕಟಿಸಿದರು. ನಮ್ಮ ಗಂಗಾನದಿಯ ಡಾಲ್ಫಿನ್ ಶಬ್ದವನ್ನೇ ಕಣ್ಣಾಗಿಸಿಕೊಂಡಿದೆ: ಕೆಸರು ತುಂಬಿದ ಹೊಳೆಯಲ್ಲಿ ನೋಟದಿಂದ ಪ್ರಯೋಜನವಿಲ್ಲದ್ದರಿಂದ ಅದರ ಕಣ್ಣು ಮಸೂರವನ್ನೇ ಕಳೆದುಕೊಂಡಿದ್ದು, ತಾನು ಹೊರಡಿಸಿದ ಸೂಕ್ಷ್ಮಧ್ವನಿಯು ಮರಳಿ ಬರುವುದನ್ನು ಕೇಳಿಯೇ ಅದು ಬೇಟೆಯಾಡುವುದು. ಭಾರತವು 2009ರಲ್ಲಿ ಇದನ್ನು ರಾಷ್ಟ್ರೀಯ ಜಲಚರವೆಂದು ಆರಿಸಿತು.

ಸಂತಾನದ ವಿಷಯದಲ್ಲಿ ನೀರು ಒಡ್ಡುವ ಸಂಕಟವೆಂದರೆ ಅದರ ಅಪಾರವಾದ ವಿಸ್ತಾರ. ಮೊಟ್ಟೆಗಳನ್ನು ಪ್ರವಾಹಕ್ಕೆ ಲಕ್ಷಗಟ್ಟಲೆಯಾಗಿ ಚೆಲ್ಲಿ ಅದೃಷ್ಟಕ್ಕೆ ಬಿಡುವುದೊಂದು ದಾರಿ. ಕೆಲವನ್ನೇ ಇಟ್ಟು ಜೀವದಂತೆ ಕಾಯುವುದು ಇನ್ನೊಂದು. ಕಡಲಕುದುರೆಯಲ್ಲಿ ಹೆಣ್ಣು ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲಕ್ಕೆ ಒಪ್ಪಿಸುವುದು, ಹೆರುವುದು ಗಂಡು. ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯ ಆಳದಲ್ಲಿ ತಾಯಿ ಅಷ್ಟಪದಿಯೊಂದು ಬಂಡೆಗೆ ಅಂಟಿಸಿದ ತನ್ನ ಮೊಟ್ಟೆಗಳ ಮೇಲೆ 2007ರಿಂದ 2011ರವರೆಗೆ, 53 ತಿಂಗಳು, ಜಾಗ ಬಿಡದೆ ಕುಳಿತಿದ್ದುದನ್ನು ಸಂಶೋಧಕರು ಮತ್ತೆ ಮತ್ತೆ ಇಳಿದು ನೋಡಿಬಂದರು. ಅಷ್ಟು ಕಾಲವೂ ಅದು ಆಹಾರ ತೆಗೆದುಕೊಂಡುದನ್ನು ಅವರು ಕಾಣಲಿಲ್ಲ. ಯೂರೋಪಿನ ಹಾವುಮೀನಿನ ಕಥೆ ಮತ್ತೂ ವಿಚಿತ್ರ. ಹೊಳೆಗಳಲ್ಲಿ ಹೇರಳವಾಗಿ ಸಿಕ್ಕುವ ಈ ಮೀನಿನ ಮೊಟ್ಟೆಯನ್ನು ಯಾರೂ ಕಾಣದಿದ್ದುದರಿಂದ ಅರಿಸ್ಟಾಟಲನು ಅದು ಕೆಸರಿನಿಂದಲೇ ಹುಟ್ಟುವುದೆಂದು ನಂಬಿದ್ದನು. ಮುಂದೆ ಮನೋವಿಶ್ಲೇಷಣೆಯ ಪ್ರವರ್ತಕನಾಗಲಿದ್ದ ಸಿಗ್ಮಂಡ್ ಫ್ರಾಯ್ಡ್ 1876ರಲ್ಲಿ ವಿದ್ಯಾರ್ಥಿಯಾಗಿ ಟ್ರಿಯೆಸ್ಟಿಗೆ ಹೋಗಿ, ಸುಮಾರು ನಾನೂರು ಹಾವುಮೀನುಗಳನ್ನು ಕೊಯ್ದು ಗಂಡಿನ ಅಂಗವನ್ನು ಹುಡುಕಿ, ಖಚಿತವಾದ ಉತ್ತರವಿಲ್ಲದೆ ಮರಳಿದನು. ಕೊನೆಗೆ ಡೆನ್ಮಾರ್ಕಿನ ಯೋಹಾನೆಸ್ ಸ್ಮಿತ್ ವರ್ಷಾನುಗಟ್ಟಲೆ ಅಟ್ಲಾಂಟಿಕ್ ಸಾಗರವನ್ನು ಸೋಸಿ, ಮರಿಗಳು ಚಿಕ್ಕದಾಗುತ್ತ ಹೋದ ದಿಕ್ಕನ್ನೇ ಹಿಡಿದು, ಅವುಗಳ ತೌರು ಸರ್ಗಾಸೊ ಸಮುದ್ರವೆಂದು 1922ರಲ್ಲಿ ಸಾರಿದನು. ಸಾವಿರಾರು ಕಿಲೊಮೀಟರುಗಳಾಚೆಯ ಆ ಕಡಲಿನಲ್ಲಿ ಹಾವುಮೀನು ಮೊಟ್ಟೆಯಿಡುವುದನ್ನು ಕಣ್ಣಾರೆ ಕಂಡವರು ಇಂದಿಗೂ ಇಲ್ಲ.

ನೀರಿಗೆ ಇಷ್ಟು ನಿಕಟವಾಗಿ ಒಗ್ಗಿಕೊಂಡುದರಲ್ಲಿಯೇ ಜಲಚರಗಳ ದೌರ್ಬಲ್ಯವೂ ಅಡಗಿದೆ. ನೀರು ಬೆಚ್ಚಗಾದರೆ ಆಮ್ಲಜನಕ ಕುಗ್ಗುವುದು. ಹಡಗುಗಳ ಗದ್ದಲ ಹೆಚ್ಚಿದರೆ ಶಬ್ದವನ್ನು ನೆಚ್ಚಿದವು ಕುರುಡಾಗುವುವು. ಹೊನ್ನಾವರದ ಬಳಿಯ ಕಾಸರಕೋಡಿನಲ್ಲಿಯೂ ಒಡಿಶಾದ ಗಹಿರ್‌ಮಾಥಾ, ಋಷಿಕುಲ್ಯಾ ತೀರಗಳಲ್ಲಿಯೂ ಮರಳಿನಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲಿ ಆಮೆಯ ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿಯೇ ನಿರ್ಣಯಿಸುವುದು; ಬಿಸಿ ಏರಿದಂತೆ ಹೆಣ್ಣುಮರಿಗಳೇ ಹೆಚ್ಚು. ಕಾವೇರಿಯ ಗೂನುಬೆನ್ನಿನ ಮಹಶೀರ್ ನಮ್ಮ ಕಣ್ಣೆದುರಿನ ನಿದರ್ಶನ. ವೇಗವಾಗಿ ಹರಿಯುವ, ಆಮ್ಲಜನಕ ತುಂಬಿದ ಹೊಳೆಗೆಂದೇ ಬೆಳೆದುಬಂದ ಈ ಮೀನನ್ನು ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಗಾಳದಿಂದ ಹಿಡಿದಾಗ ಅದು ತೂಗಿದ್ದು 120 ಪೌಂಡು. ಅಣೆಕಟ್ಟುಗಳೂ ಮರಳುಗಾರಿಕೆಯೂ ಸಿಡಿಮದ್ದಿನ ಬೇಟೆಯೂ ಹೊರಗಿನಿಂದ ತಂದುಬಿಟ್ಟ ಬೇರೆ ಮಹಶೀರುಗಳ ಪೈಪೋಟಿಯೂ ಸೇರಿ, 2018ರ ಹೊತ್ತಿಗೆ ಅದು ಲೋಕದ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ ಅತ್ಯಂತ ಗಂಡಾಂತರದ ಸಾಲಿಗೆ ಸೇರಿತು.

ಮಕ್ಕಳಿಗೆ ಇವನ್ನೆಲ್ಲ ತಿಳಿಸಲು ಧ್ರುವದ ಕಡಲಿಗಾಗಲಿ ಪೆಸಿಫಿಕ್ಕಿನ ಕಂದರಕ್ಕಾಗಲಿ ಹೋಗಬೇಕಾಗಿಲ್ಲ. ಶೃಂಗೇರಿಯ ತುಂಗೆಯ ಮೆಟ್ಟಿಲುಗಳ ಬಳಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನುಗಳೆಂದು ಜನ ಕಾಪಾಡಿಕೊಂಡು ಬಂದಿರುವ ಮೀನುಗಳು ಕೈಯಳತೆಯಲ್ಲಿ ಸುಳಿದಾಡುವುವು. ಮಂಡಕ್ಕಿ ಎರಚಿ ಕೈಜಾಡಿಸಿ ಹೊರಡುವ ಮೊದಲು, ಮೀನಿನ ಬಾಯಿ ತೆರೆದಾಗ ಕಿವಿರಿನ ಮುಚ್ಚಳ ಮುಚ್ಚಿರುವುದನ್ನೂ, ಬಾಯಿ ಮುಚ್ಚಿದಾಗ ಅದು ತೆರೆಯುವುದನ್ನೂ ಮಗುವಿಗೆ ತೋರಿಸಬಹುದು. ಅದೇ ಅದರ ಉಸಿರು. ಕಾರವಾರದ ಕಡಲಿನಲ್ಲಿ ಡಾಲ್ಫಿನ್ ಮೇಲೆದ್ದಾಗ ಬಾಲ ಬೀಸಿದ್ದು ಯಾವ ಕಡೆಗೆಂದು ಕೇಳಬಹುದು. ಮಲ್ಪೆಯ ಬಂದರಿನಲ್ಲಿ ಬಂಗುಡೆಯ ಬುಟ್ಟಿಯ ಮುಂದೆ ನಿಂತ ಮಗು ‘ಇದರ ಹೊಟ್ಟೆ ಯಾಕೆ ಬಿಳಿ?’ ಎಂದಾಗ, ದೇವರು ಹಾಗೆ ಮಾಡಿದ್ದಾನೆಂದು ಕೈತೊಳೆದುಕೊಳ್ಳದೆ, ‘ನೀನು ಕಡಲಿನ ತಳದಲ್ಲಿ ಮಲಗಿ ಮೇಲಕ್ಕೆ ನೋಡಿದರೆ ನಿನಗೆ ಏನು ಬಣ್ಣ ಕಾಣುವುದು, ಹೇಳು’ ಎಂದು ಮರುಪ್ರಶ್ನೆ ಹಾಕುವ ತಂದೆತಾಯಿಗಳ ಮನೆಯಲ್ಲಿ, ಅಚ್ಚರಿಗಳ ಪಟ್ಟಿಯನ್ನು ಮಗು ತಾನೇ ಬರೆದುಕೊಳ್ಳತೊಡಗುವುದು. ಅದರ ಪಕ್ಕದಲ್ಲಿ ಕಾರಣಗಳಿಗೂ ಜಾಗ ಬಿಟ್ಟಿರುವುದು.